ಪುಲಿಕಾಟ್‌ನಲ್ಲಿ ರಾಜಹಂಸ ನೋಡಬೇಕಾ? ಮೊದಲು ನೀರಿನ ಲೆಕ್ಕ ತಿಳಿಯಿರಿ

ಹಿಂಗಾರು ಮಳೆ ಮುಗಿಯುವ ಹೊತ್ತಿಗೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಪುಲಿಕಾಟ್‌ಗೆ ಯಾವಾಗ ಹೋಗಬೇಕು?" ಹೋಗಿ ಬಂದವರದು ಇನ್ನೊಂದು ಪ್ರಶ್ನೆ. "ಅಷ್ಟು ದೂರ ಹೋದ್ವಿ, ನೀರಿನಾಚೆ ಒಂದು ಬಿಳಿ ಗೆರೆ ಕಾಣಿಸಿತು, ಅಷ್ಟೇ. ನಾವೇನು ತಪ್ಪು ಮಾಡಿದ್ವಿ?"

ಹೆಚ್ಚಿನವರು ಮಾಡುವ ತಪ್ಪು ಒಂದೇ. ಕ್ಯಾಲೆಂಡರ್ ನೋಡಿ ಹೊರಡುತ್ತಾರೆ. ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ನೀರಿನ ಆಳ ನೋಡಿ ಬರುತ್ತವೆ. ಈ ಒಂದು ವಿಷಯ ಅರ್ಥವಾದರೆ ಪ್ರವಾಸದ ಅರ್ಧ ಕೆಲಸ ಮುಗಿದ ಹಾಗೆ. ಹಾಗಾಗಿ ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ. ದಾರಿ, ಸಾಮಾನು, ಅಲ್ಲಿ ನಡೆದುಕೊಳ್ಳುವ ರೀತಿ ಆಮೇಲೆ.

ಜಾಗದ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. ಪುಲಿಕಾಟ್ ಒಂದು ಲಗೂನ್. ಕಡಲಿಗೂ ನೆಲಕ್ಕೂ ನಡುವೆ ಮರಳಿನ ಉದ್ದ ದಿಬ್ಬ ಬೆಳೆದು, ಅದರ ಹಿಂದೆ ನಿಲ್ಲುವ ಆಳವಿಲ್ಲದ ನೀರಿಗೆ ಲಗೂನ್ ಅನ್ನುತ್ತಾರೆ. ಇಲ್ಲಿ ಆ ದಿಬ್ಬವೇ ಶ್ರೀಹರಿಕೋಟಾ. ರಾಕೆಟ್ ಹಾರುವ ಅದೇ ಶ್ರೀಹರಿಕೋಟಾ. ದಿಬ್ಬದ ಪೂರ್ವಕ್ಕೆ ಬಂಗಾಳ ಕೊಲ್ಲಿ, ಪಶ್ಚಿಮಕ್ಕೆ ಈ ಸರೋವರ. ಒಡಿಶಾದ ಚಿಲಿಕಾ ಬಿಟ್ಟರೆ ದೇಶದಲ್ಲಿ ಇದೇ ದೊಡ್ಡ ಸವಳು ನೀರಿನ ಲಗೂನ್. ಸವಳು ನೀರು ಅಂದರೆ ಹೊಳೆಯ ಸಿಹಿನೀರು, ಕಡಲ ಉಪ್ಪುನೀರು ಎರಡೂ ಬೆರೆತದ್ದು. ಸರೋವರದ ಬಹುಪಾಲು ಆಂಧ್ರಪ್ರದೇಶದಲ್ಲಿದೆ, ದಕ್ಷಿಣದ ತುದಿ ತಮಿಳುನಾಡಿಗೆ ಸೇರಿದೆ. ಆಂಧ್ರದ ಭಾಗ 1976ರಲ್ಲಿ, ತಮಿಳುನಾಡಿನ ಭಾಗ 1980ರಲ್ಲಿ ಪಕ್ಷಿಧಾಮವಾದವು.

1. ನೀರಿನ ಲೆಕ್ಕ ಹಾಕಿ

ನಮ್ಮ ಕಡೆಯ ಬಹುಪಾಲು ಕೆರೆಗಳಿಗೆ ನೀರು ತರುವುದು ಮುಂಗಾರು. ಪುಲಿಕಾಟ್‌ಗೆ ಮುಖ್ಯವಾಗಿ ನೀರು ತರುವುದು ಹಿಂಗಾರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಕರಾವಳಿಯಲ್ಲಿ ಜೋರು ಮಳೆ. ಆರಣಿ, ಕಾಳಂಗಿ, ಸ್ವರ್ಣಮುಖಿ ನದಿಗಳ ಕಡೆಯಿಂದಲೂ ನೀರು ಬಂದು ಸೇರುತ್ತದೆ. ನದಿಯೋ ಸರೋವರವೋ ಕಡಲಿಗೆ ತೆರೆದುಕೊಳ್ಳುವ ಬಾಯಿಗೆ ನಮ್ಮ ಕರಾವಳಿಯಲ್ಲಿ ಅಳಿವೆ ಅನ್ನುತ್ತಾರಲ್ಲ, ಪುಲಿಕಾಟ್‌ನ ಮುಖ್ಯ ಅಳಿವೆ ದಕ್ಷಿಣದಲ್ಲಿದೆ. ಮರಳು ಸರಿದಾಡಿ ಅದು ಕಿರಿದಾಗುವುದೂ ಉಂಟು, ಮಳೆಯ ನೀರು ನುಗ್ಗಿ ಅಗಲವಾಗುವುದೂ ಉಂಟು. ಇದರಿಂದಾಗಿ ಒಂದು ವರ್ಷ ಕಂಡ ಹಾಗೆ ಇನ್ನೊಂದು ವರ್ಷ ಸರೋವರ ಇರುವುದಿಲ್ಲ.

ಈಗ ಹಕ್ಕಿಯ ಕಡೆ ಬನ್ನಿ. ರಾಜಹಂಸ ತಿನ್ನುವ ರೀತಿಯೇ ಬೇರೆ. ತಲೆಯನ್ನು ತಲೆಕೆಳಗು ಮಾಡಿ ಕೊಕ್ಕನ್ನು ನೀರಿಗೆ ಅದ್ದುತ್ತದೆ. ನಾಲಿಗೆಯಿಂದ ನೀರನ್ನು ಒಳಗೆಳೆದು ಹೊರಗೆ ತಳ್ಳುತ್ತಾ ಇರುತ್ತದೆ. ಕೊಕ್ಕಿನ ಅಂಚಿನಲ್ಲಿ ಜರಡಿಯ ಹಾಗೆ ಸಣ್ಣ ಹಲ್ಲಿನಂಥ ಸಾಲುಗಳಿವೆ. ಪಾಚಿ, ಪುಟ್ಟ ಸಿಗಡಿ, ಹುಳ ಅದರಲ್ಲಿ ಉಳಿದುಕೊಳ್ಳುತ್ತವೆ. ಇದೆಲ್ಲ ನಡೆಯಲು ಕಾಲು ನೆಲಕ್ಕೆ ಊರುವಷ್ಟು, ಕೊಕ್ಕು ಕೆಸರಿಗೆ ತಾಗುವಷ್ಟು ನೀರು ಸಾಕು. ನಮ್ಮ ಮೊಣಕಾಲು ಮಟ್ಟ, ಅದಕ್ಕಿಂತ ಕಡಿಮೆ ಇದ್ದರೆ ಅವಕ್ಕೆ ಹಿತ.

ಅಂದರೆ ಸರೋವರ ತುಂಬಿ ತುಳುಕುವಾಗ ಅವಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಅಂಚಿನಲ್ಲಿ ಎಲ್ಲಿ ತೆಳು ನೀರಿದೆಯೋ ಅಲ್ಲಿಗೆ ಚದುರಿ ಹೋಗುತ್ತವೆ. ನಾನು ಮೊದಲ ಸಲ ಹೋದದ್ದು ಒಳ್ಳೆ ಮಳೆಯಾದ ಡಿಸೆಂಬರ್‌ನಲ್ಲಿ. ಕಣ್ಣು ಹಾಯುವವರೆಗೂ ನೀರು, ಮೇಲೆ ಕಡಲಕ್ಕಿಗಳು. ಒಂದೇ ಒಂದು ರಾಜಹಂಸ ಸಿಗಲಿಲ್ಲ. ಅದೇ ಜಾಗಕ್ಕೆ ಫೆಬ್ರವರಿಯಲ್ಲಿ ಮತ್ತೆ ಹೋದಾಗ ನೂರಾರು ಇದ್ದವು.

ಹಾಗಾದರೆ ಲೆಕ್ಕ ಹೀಗೆ. ಮಳೆ ಸಾಧಾರಣವಾಗಿದ್ದ ವರ್ಷ ಜನವರಿ ಎರಡನೇ ವಾರದಿಂದ ಮಾರ್ಚ್ ಮೊದಲವರೆಗೆ ಒಳ್ಳೆ ಸಮಯ. ನವೆಂಬರ್, ಡಿಸೆಂಬರ್‌ನಲ್ಲಿ ಚಂಡಮಾರುತ ಬಂದು ಹೋಗಿದ್ದರೆ ನೀರು ಇಳಿಯಲು ತಡವಾಗುತ್ತದೆ. 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ನೆನಪಿದೆ ಅಲ್ವಾ? ಅಂಥ ವರ್ಷ ಎರಡು ಮೂರು ವಾರ ತಡೆದು ಹೋಗಿ. ಮಳೆ ತೀರಾ ಕಡಿಮೆಯಾದ ವರ್ಷ ಡಿಸೆಂಬರ್ ಕೊನೆಯಲ್ಲೇ ಹೋಗುವುದು ವಾಸಿ. ಸರೋವರದ ಉತ್ತರ ಭಾಗ ಬೇಸಿಗೆಯಲ್ಲಿ ಒಣಗಿ, ನೆಲದ ಮೇಲೆ ಉಪ್ಪಿನ ಪದರ ಕಾಣಿಸುತ್ತದೆ. ಏಪ್ರಿಲ್, ಮೇನಲ್ಲಿ ಬರೀ ಹಕ್ಕಿಗಾಗಿ ಅಷ್ಟು ದೂರ ಹೋಗಬೇಡಿ.

ದಿನ ಗೊತ್ತು ಮಾಡುವ ಮುನ್ನ ಎರಡು ಕೆಲಸ ಮಾಡಿ. ಒಂದು, ಇ-ಬರ್ಡ್ ತೆರೆಯಿರಿ. ಇದು ಹಕ್ಕಿ ನೋಡುವವರು ತಾವು ಕಂಡದ್ದನ್ನು ದಿನಾಂಕ, ಜಾಗದ ಸಮೇತ ದಾಖಲಿಸುವ ಉಚಿತ ಜಾಲತಾಣ. ಪುಲಿಕಾಟ್, ಅದರ ಹತ್ತಿರದ ಪಕ್ಷಿಧಾಮ ನೇಲಪಟ್ಟು ಎಂದು ಹುಡುಕಿ, ಹಿಂದಿನ ಎರಡು ವಾರ ಯಾರಿಗೆ ಏನು ಕಂಡಿದೆ ನೋಡಿ. ಎರಡು, ಉಳಿದುಕೊಳ್ಳುವ ಲಾಡ್ಜ್‌ಗೆ ಫೋನ್ ಮಾಡುವಾಗ, ಸರೋವರ ಸೀಳಿಕೊಂಡು ಹೋಗುವ ಶ್ರೀಹರಿಕೋಟಾ ರಸ್ತೆಯ ಪಕ್ಕ ನೀರು ಎಷ್ಟಿದೆ ಎಂದು ಕೇಳಿ. ಊರಿನವರಿಗೆ ಗೊತ್ತಿರುತ್ತದೆ.

2. ಯಾವ ಕಡೆಯಿಂದ ಹೋಗಬೇಕು?

ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಮ್ಯಾಪ್‌ನಲ್ಲಿ ಸುಮ್ನೆ "ಪುಲಿಕಾಟ್" ಎಂದು ಹಾಕಿದರೆ ಅದು ತಮಿಳುನಾಡಿನ ಪುಲಿಕಾಟ್ ಊರಿಗೆ, ಅಂದರೆ ಪಳವೇರ್ಕಾಡಿಗೆ ಕರೆದುಕೊಂಡು ಹೋಗಬಹುದು. ಅದು ಸರೋವರದ ದಕ್ಷಿಣ ತುದಿ. ಡಚ್ಚರ ಕಾಲದ ಗೋರಿಗಳಿರುವ ಹಳೇ ಊರು, ನೋಡುವಂಥದ್ದೇ. ಆದರೆ ರಸ್ತೆಯಲ್ಲೇ ನಿಂತು ರಾಜಹಂಸ ನೋಡಬೇಕಾದರೆ ನೀವು ಹೋಗಬೇಕಾದದ್ದು ಆಂಧ್ರದ ಸೂಳ್ಳೂರುಪೇಟೆಗೆ. ಎರಡೂ ಊರು ಒಂದೇ ಸರೋವರದ ಬೇರೆ ಬೇರೆ ಕಡೆ. ಈ ಸರೋವರ ಉತ್ತರ ದಕ್ಷಿಣವಾಗಿ ಸುಮಾರು 60 ಕಿಲೋಮೀಟರ್ ಉದ್ದ ಇದೆ. ತಪ್ಪು ತುದಿಗೆ ಹೋದರೆ ಅರ್ಧ ದಿನ ಹೋಯಿತು.

ಹಳೇ ಪುಸ್ತಕಗಳಲ್ಲಿ ಸೂಳ್ಳೂರುಪೇಟೆ ನೆಲ್ಲೂರು ಜಿಲ್ಲೆ ಎಂದಿರುತ್ತದೆ. 2022ರಿಂದ ಅದು ತಿರುಪತಿ ಜಿಲ್ಲೆಯಲ್ಲಿದೆ. ಅನುಮತಿ, ವಿಚಾರಣೆ ಏನಿದ್ದರೂ ಇದು ನೆನಪಿರಲಿ.

3. ದಾರಿ

ಬೆಂಗಳೂರಿನಿಂದ ಕಾರಿನಲ್ಲಿ ಕೋಲಾರ, ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ತಿರುಪತಿ. ಅಲ್ಲಿಂದ ಶ್ರೀಕಾಳಹಸ್ತಿ, ನಾಯ್ಡುಪೇಟೆ. ಆಮೇಲೆ ಚೆನ್ನೈ ಕಡೆ ಹೋಗುವ ಹೆದ್ದಾರಿ ಹಿಡಿದರೆ ಸೂಳ್ಳೂರುಪೇಟೆ. ಒಟ್ಟು ಸುಮಾರು 350 ಕಿಲೋಮೀಟರ್. ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಒಂದು ರಾತ್ರಿಯಾದರೂ ಉಳಿಯಿರಿ.

ರೈಲಿನಲ್ಲಾದರೆ ಚೆನ್ನೈಗೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿಯಿರಿ. ಎಲ್ಲ ಲೋಕಲ್‌ಗಳೂ ಸೂಳ್ಳೂರುಪೇಟೆಗೆ ಹೋಗುವುದಿಲ್ಲ. ಕೆಲವು ಗುಮ್ಮಿಡಿಪೂಂಡಿಯಲ್ಲೇ ನಿಲ್ಲುತ್ತವೆ. ಹತ್ತುವ ಮುನ್ನ ಕೊನೆಯ ಸ್ಟೇಷನ್ ಯಾವುದು ಎಂದು ಕೇಳಿಕೊಳ್ಳಿ. ಇಳಿದ ಮೇಲೆ ಆಟೋ ಮಾತಾಡಿಕೊಳ್ಳಬೇಕು. ಆಟೋದವರಿಗೆ ಮೊದಲೇ ಹೇಳಿ: ದಾರಿಯಲ್ಲಿ ಹಲವು ಕಡೆ ನಿಲ್ಲಿಸಬೇಕು, ತುಂಬಾ ಹೊತ್ತು ಆಗುತ್ತದೆ. ಆಗ ಅವರೂ ಅವಸರ ಮಾಡುವುದಿಲ್ಲ.

4. ಸಾಮಾನು

ಬೈನಾಕ್ಯುಲರ್ ಬೇಕೇ ಬೇಕು. ಅದರ ಮೇಲೆ 8x42 ಅಂತ ಬರೆದಿರುತ್ತದೆ. 8 ಅಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಕಂಡ ಹಾಗೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಹೊಸಬರಿಗೆ 8x42 ಅಥವಾ 10x42 ಸರಿ. 20 ಪಟ್ಟಿನದು ತಂದರೆ ಕೈ ನಡುಗಿ ಏನೂ ನೆಟ್ಟಗೆ ಕಾಣುವುದಿಲ್ಲ. ಗುಂಪಿನಲ್ಲಿ ಒಬ್ಬರ ಹತ್ತಿರ ಸ್ಪಾಟಿಂಗ್ ಸ್ಕೋಪ್ ಇದ್ದರೆ, ಅಂದರೆ ಸ್ಟ್ಯಾಂಡಿನ ಮೇಲೆ ಕೂರಿಸುವ ದೂರದರ್ಶಕ ಇದ್ದರೆ, ಎಲ್ಲರ ಪ್ರವಾಸವೂ ಗೆದ್ದಂತೆ.

ಟೋಪಿ, ಕುಡಿಯುವ ನೀರು, ಮಾಸಿದ ಬಣ್ಣದ ಬಟ್ಟೆ. ಸರೋವರದ ರಸ್ತೆಯಲ್ಲಿ ನೆರಳು ಕಡಿಮೆ.

5. ಮೊದಲ ದಿನ ಮಧ್ಯಾಹ್ನ: ನೇಲಪಟ್ಟು

ನಾಯ್ಡುಪೇಟೆಯಿಂದ ಸೂಳ್ಳೂರುಪೇಟೆಗೆ ಬರುವ ದಾರಿಯಲ್ಲೇ ನೇಲಪಟ್ಟು ಪಕ್ಷಿಧಾಮ ಸಿಗುತ್ತದೆ. ಸೂಳ್ಳೂರುಪೇಟೆಗೆ ಸುಮಾರು 20 ಕಿಲೋಮೀಟರ್ ಮುಂಚೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಬೆಂಗಳೂರಿನಿಂದ ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನ ಮೂರರ ಒಳಗೆ ತಲುಪಬಹುದು. ಸಂಜೆ ಗೇಟು ಮುಚ್ಚುತ್ತದೆ, ತಡ ಮಾಡಬೇಡಿ.

ಇಲ್ಲಿ ನೋಡಬೇಕಾದದ್ದು ಹೆಜ್ಜಾರ್ಲೆ, ಅಂದರೆ ಪೆಲಿಕನ್. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಊರಿನ ಮರಗಳ ಮೇಲೆ ಗೂಡು ಕಟ್ಟುವ ಅದೇ ಹಕ್ಕಿ. ನೇಲಪಟ್ಟುವಿನಲ್ಲಿ ಕೆರೆಯ ನೀರಿನೊಳಗೇ ನಿಂತ ಮರಗಳ ಮೇಲೆ ಗೂಡು. ಸುತ್ತ ನೀರು ಇದ್ದರೆ ನೆಲದ ಮೇಲಿನಿಂದ ಬರುವ ಶತ್ರುಗಳ ಕಾಟ ಕಡಿಮೆ. ಕೊಕ್ಕರೆಬೆಳ್ಳೂರು ನೋಡಿದವರು ಇದನ್ನೂ ನೋಡಬೇಕು ಅನ್ನುವುದು ನನ್ನ ಆಸೆ. ಒಂದೇ ಹಕ್ಕಿ, ಒಂದು ಕಡೆ ಜನರ ನಡುವೆ, ಇನ್ನೊಂದು ಕಡೆ ನೀರಿನ ನಡುವೆ. ತೆಲುಗಿನಲ್ಲಿ ಇದಕ್ಕೆ ಗೂಡಬಾತು ಅನ್ನುತ್ತಾರೆ. ಕಾವಲುಗಾರರನ್ನು ಆ ಹೆಸರಿನಿಂದ ಕೇಳಿದರೆ ಮರಿಗಳಿರುವ ಮರ ತೋರಿಸುತ್ತಾರೆ.

ಬಾಯ್ಕಳಕ ಕೊಕ್ಕರೆ, ಇರುಳು ಬಕ, ಬಿಳಿ ಕೆಂಬರಲು, ನೀರುಕಾಗೆ ಕೂಡ ಇಲ್ಲಿ ಗೂಡು ಕಟ್ಟುತ್ತವೆ. ವೀಕ್ಷಣಾ ಗೋಪುರ ಹತ್ತಿ ಕೂತುಬಿಡಿ. ಕೂಗಬೇಡಿ, ಕಲ್ಲು ಎಸೆಯಬೇಡಿ, ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ. ದೊಡ್ಡ ಹಕ್ಕಿ ಗೂಡು ಬಿಟ್ಟು ಎದ್ದರೆ ಮೊಟ್ಟೆ, ಎಳೇ ಮರಿ ಬಿಸಿಲಿಗೆ ಸಿಗುತ್ತವೆ. ಕಾಗೆ, ಹದ್ದು ಅದಕ್ಕಾಗಿಯೇ ಕಾದಿರುತ್ತವೆ.

6. ಎರಡನೇ ದಿನ ಬೆಳಗ್ಗೆ: ಶ್ರೀಹರಿಕೋಟಾ ರಸ್ತೆ

ಇದೇ ಮುಖ್ಯ ಭಾಗ. ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆ ಸರೋವರವನ್ನೇ ಸೀಳಿಕೊಂಡು ಹೋಗುತ್ತದೆ. ಎಡಕ್ಕೂ ನೀರು, ಬಲಕ್ಕೂ ನೀರು. ನಡುವೆ ಅಟಕಾನಿತಿಪ್ಪ ಅನ್ನುವ ಸಣ್ಣ ದ್ವೀಪ.

ಸೂರ್ಯ ಹುಟ್ಟುವ ಹೊತ್ತಿಗೆ ರಸ್ತೆಯ ಮೇಲಿರಿ. ಬೆಳಗ್ಗೆ ಹತ್ತರ ಮೇಲೆ ನೀರಿನ ಮೇಲೆ ಬಿಸಿಲ ಝಳ ಏಳುತ್ತದೆ. ಹಕ್ಕಿಗಳು ಅಲುಗಾಡಿದಂತೆ ಕಾಣುತ್ತವೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ. ಫೋಟೊ ಮಸುಕಾಗಿ ಬಂತು ಎಂದು ಬರೆದವರಲ್ಲಿ ಹೆಚ್ಚಿನವರು ಹನ್ನೊಂದರ ಮೇಲೆ ಹೋದವರು.

ಬೆಳಕಿನ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ರಸ್ತೆ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಶ್ರೀಹರಿಕೋಟಾ ಕಡೆ ಹೋಗುವಾಗ ನಿಮ್ಮ ಎಡಕ್ಕೆ, ಅಂದರೆ ಉತ್ತರಕ್ಕೆ ಇರುವ ಹಕ್ಕಿಗಳ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಗುಲಾಬಿ ಬಣ್ಣ ಕಾಣುವುದು ಆ ಕಡೆ. ಬಲಗಡೆಯ ಹಕ್ಕಿಗಳು ಬೆಳಕಿಗೆ ಎದುರಾಗಿ ಬರೀ ಕಪ್ಪು ನೆರಳಾಗಿ ಕಾಣುತ್ತವೆ. "ರಾಜಹಂಸ ಕಂಡವು, ಬಣ್ಣವೇ ಇರಲಿಲ್ಲ" ಅನ್ನುವವರು ಒಮ್ಮೆ ಬೇರೆ ಬದಿ ತಿರುಗಿ ನೋಡಬೇಕಿತ್ತು.

ಗಾಡಿ ನಿಲ್ಲಿಸುವಾಗ ಎಚ್ಚರ. ಇದು ಬಾಹ್ಯಾಕಾಶ ಕೇಂದ್ರದ ಬಸ್ಸು, ಲಾರಿಗಳು ಓಡಾಡುವ ರಸ್ತೆ. ರಸ್ತೆಯಿಂದ ಪೂರ್ತಿ ಕೆಳಗಿಳಿಸಲು ಗಟ್ಟಿ ನೆಲ ಇರುವ ಕಡೆ ಮಾತ್ರ ನಿಲ್ಲಿಸಿ. ಹಕ್ಕಿ ಕಂಡ ತಕ್ಷಣ ಬ್ರೇಕ್ ಹಾಕಬೇಡಿ. ಮಕ್ಕಳನ್ನು ರಸ್ತೆ ಕಡೆಯ ಬಾಗಿಲಿನಿಂದ ಇಳಿಸಬೇಡಿ, ನೀರಿನ ಕಡೆಯ ಬಾಗಿಲಿನಿಂದ ಇಳಿಸಿ.

ಹಕ್ಕಿಗಳು ಹತ್ತಿರ ಇದ್ದರೆ ಎಲ್ಲರೂ ಒಟ್ಟಿಗೆ ಬಾಗಿಲು ತೆರೆದು ಇಳಿಯಬೇಡಿ. ಕಾರಿನೊಳಗೆ ಕೂತವರನ್ನು ಹಕ್ಕಿಗಳು ಅಷ್ಟಾಗಿ ಲೆಕ್ಕಿಸುವುದಿಲ್ಲ. ನಿಂತ ಮನುಷ್ಯನ ಆಕಾರ ಕಂಡರೆ ಜಾಗ್ರತೆಯಾಗುತ್ತವೆ. ಅವುಗಳ ತಲೆ ನೋಡುತ್ತಿರಿ. ತಲೆ ನೀರಿನಲ್ಲಿದ್ದರೆ ತಿನ್ನುತ್ತಿವೆ, ನೆಮ್ಮದಿಯಾಗಿವೆ. ಒಂದೊಂದಾಗಿ ಕತ್ತು ಎತ್ತಲು ಶುರುವಾದರೆ ನೀವು ಹತ್ತಿರ ಬಂದಿದ್ದೀರಿ, ಅಲ್ಲೇ ನಿಲ್ಲಿ. ಗುಂಪು ಪೂರ್ತಿ ಒಂದೇ ದಿಕ್ಕಿಗೆ ನಡೆಯತೊಡಗಿದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಅದಾದ ಮೇಲೆ ಹಾರಿಬಿಡುತ್ತವೆ.

ಹಾರಿದರೆ ಏನಾಯಿತು, ಫೋಟೊ ಚೆನ್ನಾಗಿ ಬರುತ್ತದೆ ಎಂದು ಕೆಲವರು ಬೇಕೆಂದೇ ಎಬ್ಬಿಸುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ರಾಜಹಂಸ ನಿಂತಲ್ಲಿಂದ ಸುಲಭವಾಗಿ ಏಳಲಾರದು. ನೀರಿನ ಮೇಲೆ ಹಲವು ಹೆಜ್ಜೆ ಓಡಿ, ರೆಕ್ಕೆ ಬಡಿದು ಮೇಲೇರಬೇಕು. ಅದಕ್ಕೆ ತುಂಬಾ ಶಕ್ತಿ ಬೇಕು. ಕಚ್ಛ್‌ನ ರಣ್ ನಮ್ಮ ದೇಶದಲ್ಲಿ ಅವು ಗೂಡು ಕಟ್ಟುವ ಮುಖ್ಯ ಜಾಗ. ಇಲ್ಲಿಗೆ ಬರುವುದು ತಿಂದು ಮೈ ತುಂಬಿಕೊಳ್ಳಲು. ಒಂದು ಬೆಳಗ್ಗೆ ನಾಲ್ಕು ಗಾಡಿಯವರು ನಾಲ್ಕು ಸಲ ಎಬ್ಬಿಸಿದರೆ ಅವು ತಿನ್ನುವುದು ಯಾವಾಗ? ನೀವು ಸುಮ್ನೆ ಅರ್ಧ ಗಂಟೆ ಕಾದರೆ ಅವು ತಾವಾಗಿಯೇ ಎದ್ದು ಇನ್ನೊಂದು ಕಡೆ ಹೋಗುವುದು ಕಾಣಬಹುದು. ರೆಕ್ಕೆ ಬಿಚ್ಚಿದಾಗ ಒಳಗಿನ ಕಡುಗೆಂಪು, ಅಂಚಿನ ಕಪ್ಪು ಒಟ್ಟಿಗೇ ತೆರೆದುಕೊಳ್ಳುತ್ತವೆ. ಆ ನೋಟ ಕಾಯುವಿಕೆಗೆ ತಕ್ಕದ್ದು.

7. ಯಾವ ಹಕ್ಕಿ ಯಾವುದು?

ಹೊಸಬರು ಬಣ್ಣದ ಕೊಕ್ಕರೆಯನ್ನು ರಾಜಹಂಸ ಎಂದುಕೊಳ್ಳುವುದು ಜಾಸ್ತಿ. ಬಣ್ಣದ ಕೊಕ್ಕರೆಗೂ ಬೆನ್ನ ಹಿಂಭಾಗದಲ್ಲಿ ಗುಲಾಬಿ ಗರಿಗಳಿವೆ. ಕೊಕ್ಕು ನೋಡಿ ನಿರ್ಧರಿಸಿ. ಬಣ್ಣದ ಕೊಕ್ಕರೆಯ ಕೊಕ್ಕು ಉದ್ದ, ಹಳದಿ, ತುದಿಯಲ್ಲಿ ಸ್ವಲ್ಪ ಬಾಗಿದ್ದು. ರಾಜಹಂಸದ ಕೊಕ್ಕು ಗಿಡ್ಡ, ನಡುವಿನಲ್ಲಿ ಮುರಿದಂತೆ ಕೆಳಕ್ಕೆ ಬಾಗಿರುತ್ತದೆ, ತುದಿ ಕಪ್ಪು.

ರಾಜಹಂಸಗಳಲ್ಲೂ ಎರಡು ಬಗೆ. ಇಲ್ಲಿ ಹೆಚ್ಚಾಗಿ ಕಾಣುವುದು ದೊಡ್ಡ ರಾಜಹಂಸ. ಮೈ ಬಹುತೇಕ ಬಿಳಿ, ಕೊಕ್ಕು ತಿಳಿಗುಲಾಬಿ. ಚಿಕ್ಕ ರಾಜಹಂಸ ಕುಳ್ಳಗೆ, ಮೈ ಹೆಚ್ಚು ಗುಲಾಬಿ, ಕೊಕ್ಕು ಕಡುಗೆಂಪು. ಗುಂಪಿನಲ್ಲಿ ಬೂದು ಬಣ್ಣದವು ಕಂಡರೆ ಬೇರೆ ಜಾತಿ ಎಂದುಕೊಳ್ಳಬೇಡಿ, ಅವು ಇನ್ನೂ ಬೆಳೆಯುತ್ತಿರುವ ಮರಿಗಳು. ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿ, ಸಿಗಡಿಯಲ್ಲಿರುವ ಕ್ಯಾರೊಟಿನಾಯ್ಡ್‌ಗಳಿಂದ. ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತುವೂ ಇದೇ ಗುಂಪಿನದು. ಮರಿಗೆ ಆ ಬಣ್ಣ ಕೂಡಿಕೊಳ್ಳಲು ವರ್ಷಗಳು ಬೇಕು.

ಹಾರುವಾಗ ಕತ್ತು ನೋಡಿ. ರಾಜಹಂಸ, ಕೊಕ್ಕರೆ ಕತ್ತು ಚಾಚಿ ಹಾರುತ್ತವೆ. ಬೆಳ್ಳಕ್ಕಿ, ಬಕ, ಹೆಜ್ಜಾರ್ಲೆ ಕತ್ತು ಮಡಚಿಕೊಳ್ಳುತ್ತವೆ. ಬಿಳಿ ಹಕ್ಕಿಯೊಂದು ಕೊಕ್ಕನ್ನು ನೀರಿನಲ್ಲಿ ಆ ಕಡೆ ಈ ಕಡೆ ಬೀಸುತ್ತಿದ್ದರೆ ಅದು ಚಮಚ ಕೊಕ್ಕು. ಮೆಟ್ಟುಗಾಲು ಹಕ್ಕಿ, ರೀವ, ಸೂಜಿಬಾಲದ ಬಾತು ಕೂಡ ಇಲ್ಲಿ ಸಿಗುತ್ತವೆ.

8. ಇವು ಬೇಡವೇ ಬೇಡ

ಕೆಸರಿಗೆ ಇಳಿಯಬೇಡಿ. ನೀರು ಇಳಿದ ಕಡೆ ಮೇಲೆ ಒಣಗಿ ಬಿರುಕು ಬಿಟ್ಟ ನೆಲ ಕಾಣುತ್ತದೆ. ಅದರ ಕೆಳಗೆ ಮೆತ್ತನೆ ಕೆಸರು. ಕಾಲು ಹೂತರೆ ತೆಗೆಯುವುದು ಕಷ್ಟ.

ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಮೀನುಗಾರರ ದೋಣಿಯಲ್ಲಿ "ಹತ್ತಿರ ಕರೆದುಕೊಂಡು ಹೋಗ್ತೀವಿ" ಎಂದು ಕರೆದರೂ ಬೇಡ ಅನ್ನಿ. 2011ರ ಡಿಸೆಂಬರ್ 25ರಂದು ಪಳವೇರ್ಕಾಡು ಬಳಿ ಪ್ರವಾಸಿಗರ ದೋಣಿ ಮಗುಚಿ 22 ಜನ ಸತ್ತರು. ಆಳ ಕಡಿಮೆ ಎಂದು ಧೈರ್ಯ ಮಾಡುವಂತಿಲ್ಲ. ಅಳಿವೆಯ ಹತ್ತಿರ ಸೆಳೆತ ಜೋರು. ದೋಣಿ ನುಗ್ಗಿದರೆ ಹಕ್ಕಿ ಏಳುವುದು ಬೇರೆ.

ಡ್ರೋನ್ ಮನೆಯಲ್ಲೇ ಬಿಡಿ. ಇದು ವನ್ಯಜೀವಿ ಧಾಮ, ಪಕ್ಕದಲ್ಲೇ ರಾಕೆಟ್ ಉಡಾವಣಾ ಕೇಂದ್ರ. ರಸ್ತೆಯ ಕೊನೆಯಲ್ಲಿ ಭದ್ರತಾ ಗೇಟು ಇದೆ. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಗೇಟಿನ, ಸಿಬ್ಬಂದಿಯ ಫೋಟೊ ತೆಗೆಯಬೇಡಿ. ಸ್ವಲ್ಪ ಮುಂಚೆಯೇ ಗಾಡಿ ತಿರುಗಿಸಿ. ಉಡಾವಣೆ ಇರುವ ದಿನ ರಸ್ತೆಯಲ್ಲಿ ಜನ, ತಪಾಸಣೆ ಎರಡೂ ಜಾಸ್ತಿ. ಹೊರಡುವ ಮುನ್ನ ಇಸ್ರೋದ ಉಡಾವಣಾ ದಿನಾಂಕ ನೋಡಿಕೊಳ್ಳಿ.

ಸೂಳ್ಳೂರುಪೇಟೆಯಲ್ಲಿ ಆಂಧ್ರ ಸರ್ಕಾರ ಫ್ಲೆಮಿಂಗೊ ಹಬ್ಬ ನಡೆಸುತ್ತದೆ, ಸಾಮಾನ್ಯವಾಗಿ ಜನವರಿ ಆಸುಪಾಸಿನಲ್ಲಿ. ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ನಿಶ್ಶಬ್ದವಾಗಿ ಹಕ್ಕಿ ನೋಡಬೇಕು ಅನ್ನುವವರು ಆ ದಿನಗಳನ್ನು ಬಿಟ್ಟು, ವಾರದ ನಡುವಿನ ದಿನ ಆರಿಸಿಕೊಳ್ಳುವುದು ಒಳ್ಳೆಯದು.

9. ವಾಪಸ್ ಬಂದ ಮೇಲೆ

ಕಂಡ ಹಕ್ಕಿಗಳ ಪಟ್ಟಿಯನ್ನು ಅದೇ ದಿನ ಇ-ಬರ್ಡ್‌ಗೆ ಹಾಕಿ. ಸರಿಯಾದ ಎಣಿಕೆ ಆಗದಿದ್ದರೆ ಅಂದಾಜು ಹಾಕಿ. ಹತ್ತು ಹಕ್ಕಿ ಎಣಿಸಿ, ಅಷ್ಟು ಜಾಗ ಗುಂಪಿನಲ್ಲಿ ಎಷ್ಟು ಸಲ ಬರುತ್ತದೆ ನೋಡಿ, ಗುಣಿಸಿದರಾಯಿತು. ರಾಜಹಂಸ ಇಲ್ಲದ ದಿನವೂ ಪಟ್ಟಿ ಹಾಕಿ. "ಈ ವಾರ ನೀರು ಜಾಸ್ತಿ, ಹಕ್ಕಿ ಇಲ್ಲ" ಅನ್ನುವ ಒಂದು ಸಾಲು ಮುಂದಿನ ವಾರ ಹೊರಡುವವರಿಗೆ ದೊಡ್ಡ ಸಹಾಯ.

ಫೋಟೊಗಳನ್ನು ದೊಡ್ಡದು ಮಾಡಿ ಕಾಲುಗಳನ್ನು ನೋಡಿ. ಕೆಲವು ಹಕ್ಕಿಗಳ ಕಾಲಿನಲ್ಲಿ ಬಣ್ಣದ ಉಂಗುರ ಅಥವಾ ಅಕ್ಷರವಿರುವ ಪುಟ್ಟ ಪಟ್ಟಿ ಇರುತ್ತದೆ. ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಸಂಶೋಧಕರು ತೊಡಿಸಿದ್ದು. ಕಂಡರೆ ಬಣ್ಣ, ಅಕ್ಷರ, ಯಾವ ಕಾಲು, ದಿನಾಂಕ, ಜಾಗ ಇಷ್ಟನ್ನೂ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಎಡಗಾಲೋ ಬಲಗಾಲೋ ಅನ್ನುವುದು ಹಕ್ಕಿಯ ಎಡ ಬಲದ ಲೆಕ್ಕ, ನೋಡುವವರದಲ್ಲ. ಇಲ್ಲೇ ಹೆಚ್ಚು ಜನ ತಪ್ಪಿ ಬರೆಯುತ್ತಾರೆ.

ಇನ್ನೂ ಆಸಕ್ತಿ ಇದ್ದರೆ, ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದಲೂ. ನಿಮ್ಮ ಊರಿನ ಕೆರೆಯಲ್ಲೇ ಸೇರಿಕೊಳ್ಳಬಹುದು. ಅಲ್ಲಿ ಎಣಿಸಲು ಕಲಿತು ಫೆಬ್ರವರಿಯಲ್ಲಿ ಪುಲಿಕಾಟ್‌ಗೆ ಹೊರಟರೆ ಸಮಯವೂ ಸರಿಹೋಗುತ್ತದೆ.